ಹೊರಗಿನ ಖೋಲಿಯ ಪಕ್ಕೀರವ್ವ

ಪಕ್ಕೀರವ್ವ ಮನೆಯ ಹೊರಗಿನ ಖೋಲಿಗೆ ಇರಲು ಬಂದ ದಿನ ಹೊಳಿಯಮ್ಮ ಮಾಡಿದ ಮೊದಲ ಕೆಲಸವೆಂದರೆ, ಅಂಗಳದಲ್ಲಿ ಬೋರಲು ಹಾಕಿದ್ದ ಪಾತ್ರೆಗಳನ್ನೆಲ್ಲ ಬುಟ್ಟಿಗೆ ತುಂಬಿ ಒಳಗೆ ಒಯ್ದದ್ದು. ಒದ್ದೆ ಪಾತ್ರೆಗಳಿಂದ ನೀರು ಸೋರಿ ಪಡಸಾಲೆಯ ಉದ್ದಕ್ಕೂ ಗೆರೆ ಬಿತ್ತು.

"ಇನ್ನೂ ಹಸಿ ಅದಾವಲ್ಲತ್ತಿ," ಎಂದಳು ಸೊಸೆ ಸುರೇಖಾ.

"ಒಳಗ ಒಣಗ್ತಾವ ಬಿಡು."

ಓಣಿಯ ಕಡೆಯ ಬಾಗಿಲಲ್ಲಿ ನಿಂತಿದ್ದ ಪಕ್ಕೀರವ್ವ ಇದನ್ನು ನೋಡಿದಳು. ನೋಡದವಳಂತೆ ಮುಖ ತಿರುಗಿಸಿದಳು. ಅರವತ್ತರ ಹತ್ತಿರದ ಹೆಂಗಸು. ಕಂಕುಳಲ್ಲಿ ಹಳೆಯ ಸೀರೆಯಲ್ಲಿ ಕಟ್ಟಿದ ಒಂದು ಗಂಟು, ಕೈಯಲ್ಲಿ ಪ್ಲಾಸ್ಟಿಕ್ ಕೊಡ. ಇಷ್ಟೇ ಸಾಮಾನು.

ಯಲಬುರ್ಗಾದ ಹಳೆಯ ದನದ ದವಾಖಾನೆಯ ಕಟ್ಟಡ ಬಹಳ ವರ್ಷ ಬೀಗ ಬಿದ್ದು ಕೂತಿತ್ತು. ಹೋದ ವರ್ಷ ಅದಕ್ಕೆ ಸುಣ್ಣ ಹೊಡೆಸಿ, ಬಸ್ ನಿಲ್ದಾಣದಲ್ಲೂ ಗುಡಿಯ ಕಟ್ಟೆಯ ಮೇಲೂ ಮಲಗುತ್ತಿದ್ದವರಿಗೆ ಆಸರೆ ಮಾಡಿದ್ದರು. ಕಟ್ಟಡ, ನೀರು, ಲೈಟು ಪಟ್ಟಣ ಪಂಚಾಯಿತಿಯವು. ರಾತ್ರಿಯ ಅನ್ನಕ್ಕೆ ಅಕ್ಕಿ, ಬೇಳೆ ದಲಾಲಿ ಅಂಗಡಿಯವರದು. ಅಡುಗೆ, ಉಸ್ತುವಾರಿ ಮಹಿಳಾ ಸಂಘದ್ದು. ಬಿ.ಎ. ಓದಿದವಳೆಂದು ಸಂಘದ ಬರವಣಿಗೆ ಸುರೇಖಾಳ ಪಾಲಿಗೆ ಬಂದಿತ್ತು. ಈ ವರ್ಷ ಸಂಘದವರು, ಅಲ್ಲಿರುವವರಲ್ಲಿ ದುಡಿಯಬಲ್ಲವರಿಗೆ ಊರಿನ ಮನೆಗಳಲ್ಲೇ ಒಂದೊಂದು ಖೋಲಿ ಕೊಡಿಸುವುದೆಂದು ಗೊತ್ತು ಮಾಡಿದ್ದರು. ಬಾಡಿಗೆ ಸಂಘದ್ದು. ಮೊದಲು ಯಾರಾದರೂ ಕೊಡಲಿ, ಆಮೇಲೆ ನೋಡೋಣ ಎಂದವರೇ ಎಲ್ಲರೂ. ಮೊದಲು ಕೊಟ್ಟದ್ದು ಸುರೇಖಾಳ ಮನೆ.

ಮೂರು ತಿಂಗಳು ನೋಡುವುದು, ಆಮೇಲೆ ಸಂಘದವರು ಬಂದು ಮನೆಯ ದೊಡ್ಡವರನ್ನೆಲ್ಲ ಕೂಡಿಸಿ ಒಬ್ಬೊಬ್ಬರನ್ನೇ "ಇರಲೇನು?" ಎಂದು ಕೇಳುವುದು, ಒಬ್ಬರು ಬೇಡವೆಂದರೂ ಪಕ್ಕೀರವ್ವ ತಿರುಗಿ ದವಾಖಾನೆ ಕಟ್ಟಡಕ್ಕೆ ಹೋಗುವುದು. ಹೀಗೆ ಮಾತಾಗಿತ್ತು.

ಮನೆಯಲ್ಲಿ ನಾಲ್ವರು. ಹೊಳಿಯಮ್ಮ. ಅವಳ ಹಿರಿಯ ಮಗ, ಸುರೇಖಾಳ ಗಂಡ ಪಂಪಾಪತಿ. ತಾಲ್ಲೂಕು ಕಚೇರಿಯಲ್ಲಿ ಜವಾನ. ಕಿರಿಯವನು ದುರಗೇಶ, ಪೇಟೆಯಲ್ಲಿ ಇನ್ನೊಬ್ಬರ ಮೊಬೈಲ್ ಅಂಗಡಿಯಲ್ಲಿ ರಿಪೇರಿಗೆ ಕೂತಿದ್ದ. ಹೊರಗಿನ ಖೋಲಿಯಲ್ಲಿ ತನ್ನದೇ ಅಂಗಡಿ ಇಡಬೇಕೆಂಬುದು ಅವನ ಆಸೆ. ಗಂಗಾವತಿಯ ಕಡೆ ಒಂದು ಹೆಣ್ಣು ನೋಡಿದ್ದರು. ಅಂಗಡಿ ಸುರುವಾಗಲಿ, ಆಮೇಲೆ ಮಾತಾಡೋಣ ಎಂದಿದ್ದರು ಹೆಣ್ಣಿನವರು.

"ಗಂಗಾವತಿ ಮಂದಿ ಕೇಳಿದ್ರ ಏನ್ ಹೇಳ್ಲಿ?" ಅಂದು ಊಟಕ್ಕೆ ಕೂತಾಗ ದುರಗೇಶ ಸುರು ಮಾಡಿದ. "ನನ್ನ ಅಂಗಡ್ಯಾಗ ಒಬ್ಬಾಕಿ ಮುದುಕಿ ಮಲಗ್ಯಾಳ, ಆಕಿ ಎದ್ದ ಮ್ಯಾಲ ಸುರು ಮಾಡ್ತೀನಿ ಅನ್ಲೇನು?"

"ಮೂರು ತಿಂಗಳು ತಡಿಯಪ್ಪ," ಎಂದ ಪಂಪಾಪತಿ.

"ಆಮ್ಯಾಲ ಹೋಗ್ತಾಳನ್ನಾಕ ಏನ್ ಗ್ಯಾರಂಟಿ? ಈ ವಿಳಾಸದ ಮ್ಯಾಲ ಆಧಾರ್ ಮಾಡಿಸ್ತಾಳ, ರೇಶನ್ ಕಾರ್ಡ್ ಮಾಡಿಸ್ತಾಳ. ಒಂದಿನ ಎದ್ದು ಖೋಲಿ ನಂದು, ಕಬ್ಜಾ ನಂದು ಅಂತಾಳ. ಕಚೇರ್ಯಾಗ ನೀ ದಿನಾ ನೋಡ್ತಿ ಇಂಥಾವು."

"ನೋಡ್ತೀನಿ. ಕಬ್ಜಾ ಮಾಡಾವ್ರೆಲ್ಲಾ ಕಾರಿನ್ಯಾಗ ಬರ್ತಾರ."

"ನಗಾಡಬ್ಯಾಡ್ರಿ," ಎಂದಳು ಹೊಳಿಯಮ್ಮ, ಪಲ್ಯ ಬಡಿಸುತ್ತ. "ಆಕಿ ಯಾವೂರಾಕಿ ಅಂತ ಕೇಳಿದೆ. ಬೇವೂರು ಅಂದ್ಲು. ಬಾಜೂ ಮನಿಯಾಕಿಗಿ ಕುಷ್ಟಗಿ ಕಡೆಯಾಕಿ ಅಂತ ಹೇಳ್ಯಾಳ. ಒಂದ ತಾಸಿನ್ಯಾಗ ಎರಡೂರು."

ಎಲ್ಲರೂ ಸುರೇಖಾಳ ಮುಖ ನೋಡಿದರು. ಸಂಘದಲ್ಲಿ ಪಕ್ಕೀರವ್ವನ ಪರವಾಗಿ ಮಾತಾಡಿದವಳು ಅವಳೇ. ಅವಳಿಗೆ ಆಕೆ ಹೇಳಿದ್ದು ಗಂಗಾವತಿ ಎಂದು. ಆ ಮಾತನ್ನು ಸುರೇಖಾ ಅನ್ನದ ಜೊತೆ ನುಂಗಿಕೊಂಡಳು.

ಆಸರೆ ಕಟ್ಟಡದಲ್ಲಿ ಬೆಳಗಿನ ಹೊತ್ತು ಒಲೆ ಹೊತ್ತುತ್ತಿರಲಿಲ್ಲ. ಅಡುಗೆಯವಳು ಬರುವುದು ಸಂಜೆಗೆ. ಅದಕ್ಕಾಗಿ ಮುಂಜಾನೆಗೆ ಓಣಿಗಳ ಹೆಂಗಸರು ಖಡಕ್ ರೊಟ್ಟಿ ಕೊಡುತ್ತಿದ್ದರು. ತೆಳ್ಳಗೆ ಬಡಿದು, ಹೆಂಚಿನ ಮೇಲೆ ಚೆನ್ನಾಗಿ ಸುಟ್ಟು, ಗಾಳಿಗೆ ಆರಿಸಿದ ರೊಟ್ಟಿ. ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಮುರಿದರೆ ಹಪ್ಪಳದಂತೆ ಸದ್ದಾಗಬೇಕು. ಸದ್ದಾಗದಿದ್ದರೆ ಆ ಮನೆಯ ಹೆಂಗಸಿನ ಕೈ ಚೆನ್ನಾಗಿಲ್ಲವೆಂದು ಲೆಕ್ಕ. ಮಂದಿಗೆ ಕೊಡುವ ರೊಟ್ಟಿಯಾದ್ದರಿಂದ ಮನೆಗೆ ಮಾಡುವುದಕ್ಕಿಂತ ಇನ್ನಷ್ಟು ಬಿರುಸಾಗಿ, ಇನ್ನಷ್ಟು ತೆಳ್ಳಗೆ ಮಾಡಲು ಹೆಂಗಸರಲ್ಲಿ ಒಳಗೊಳಗೇ ಪೈಪೋಟಿ ನಡೆದಿತ್ತು. ಈ ಓಣಿಯ ರೊಟ್ಟಿಗಳೆಲ್ಲ ಹೊಳಿಯಮ್ಮನ ಮನೆಗೆ ಬಂದು ಸೇರುತ್ತಿದ್ದವು. ಅವಳು ಅವನ್ನು ಬಿಳಿ ಧೋತರದ ತುಂಡಿನಲ್ಲಿ ಕಟ್ಟಿ ಕಳಿಸುತ್ತಿದ್ದಳು. ಮೊದಲು ಆ ಗಂಟನ್ನು ಸುರೇಖಾ ಒಯ್ಯುತ್ತಿದ್ದಳು. ಈಗ ಪಕ್ಕೀರವ್ವ ಕಟ್ಟಡದ ಕಸ ಗುಡಿಸಲು ದಿನಾ ಹೋಗುವವಳಾದ್ದರಿಂದ, ಗಂಟು ಅವಳ ತಲೆಯ ಮೇಲೇ ಹೋಗತೊಡಗಿತು.

ವಾರಗಳು ಕಳೆದವು. ಪಕ್ಕೀರವ್ವ ಕೂಗಿದರೆ ಮಾತ್ರ ಒಳಗೆ ಬರುತ್ತಿದ್ದಳು. ಕೊಟ್ಟ ಚಹಾ ಕುಡಿದು ಗ್ಲಾಸು ತೊಳೆದು ಹೊಸ್ತಿಲ ಬಳಿ ಇಡುತ್ತಿದ್ದಳು. ಹೊಳಿಯಮ್ಮ ಅದನ್ನು ಇನ್ನೊಂದು ಸಲ ತೊಳೆಯುತ್ತಿದ್ದಳು. ಅಂಗಳ ಗುಡಿಸಬೇಡವೆಂದರೂ ಪಕ್ಕೀರವ್ವ ಗುಡಿಸುತ್ತಿದ್ದಳು.

"ಹೇಳದ ಕೆಲಸ ಯಾಕ ಮಾಡ್ತಾಳ?" ಎಂದಳು ಹೊಳಿಯಮ್ಮ.

"ಮಾಡದಿದ್ರ ಮೈಗಳ್ಳಿ ಅಂತಿದ್ರಿ," ಎಂದಳು ಸುರೇಖಾ.

"ಮಾಡಿದ್ರ ಮನಿ ಒಳಗೇನೈತಿ ಅಂತ ನೋಡಾಕ ಮಾಡ್ತಾಳ ಅಂತೀನಿ. ತಪ್ಪೇನು?"

 ಸುರೇಖಾಳೂ ನೋಡುತ್ತಿದ್ದಳು. ಪಕ್ಕೀರವ್ವ ಹೋಗುವ ಹೊತ್ತು, ಬರುವ ಹೊತ್ತು, ಹಿಂದಿರುಗುವಾಗ ಕೈಯಲ್ಲಿ ಏನಿದೆ, ಯಾರ ಜೊತೆ ಮಾತಾಡಿದಳು. ಈಗೀಗ ಆಕೆ ಕಟ್ಟಡಕ್ಕೆ ತಡವಾಗಿ ಮುಟ್ಟುತ್ತಾಳೆಂದು ಸಂಘದ ಯಾರೋ ಅಂದಿದ್ದರು. ಆಕೆ ಒಂದು ತಪ್ಪು ಮಾಡಿದರೆ ಈ ಖೋಲಿ ಹೋಗುತ್ತದೆ. ಇದನ್ನು ನೋಡಿ ಕೊಡುತ್ತೇವೆಂದ ಮನೆಗಳೂ ಕೈಬಿಡುತ್ತವೆ. ಜವಾಬು ಕೊಡಬೇಕಾದವಳು ತಾನು.

ಒಂದು ಮಧ್ಯಾಹ್ನ ದುರಗೇಶ ಅಂಗಡಿಯಿಂದ ಹೊತ್ತಿಗೆ ಮುಂಚೆ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಿಸೆಯಿಂದ ಪೇಪರಿನ ಪೊಟ್ಟಣ ತೆಗೆದು ತಾಯಿಯ ಮುಂದೆ ಬಿಚ್ಚಿದ. ಒಳಗೆ ಸಜ್ಜೆಯ ರೊಟ್ಟಿಯ ಅರ್ಧ ತುಂಡು.

"ಇದು ಯಾರ ರೊಟ್ಟಿ ಹೇಳಬೇ."

ಹೊಳಿಯಮ್ಮ ಮುಟ್ಟಲೂ ಇಲ್ಲ. ಸಜ್ಜೆ ರೊಟ್ಟಿಗೆ ಅವಳು ಎಳ್ಳು ಹಚ್ಚುವುದು ಅಂಚಿಗೆ ಮಾತ್ರ. ನಡುವೆ ಅಂಗೈಯಗಲ ಬರಿದೇ ಬಿಡುತ್ತಾಳೆ. ಓಣಿಯಲ್ಲಿ ಇನ್ನಾರೂ ಹಾಗೆ ಮಾಡುವುದಿಲ್ಲ.

"ನಂದು. ಎಲ್ಲಿತ್ತಿದು?"

"ಬಸ್ ಸ್ಟ್ಯಾಂಡಿನ ಹಿಂದ ಮೈಮುನಬಿ ಖಾನಾವಳಿಯಾಗ. ಊಟಕ್ಕ ಕುಂತಿದ್ದೆ. ತಾಟಿನ್ಯಾಗ ನಮ್ಮವ್ವನ ರೊಟ್ಟಿ ಬಂತು. ರೊಕ್ಕಾ ಕೊಟ್ಟು ತಿಂದು ಬಂದೀನಿ."



"ರೊಕ್ಕಾ ಯಾಕ ಕೊಟ್ಟಿ?" ಎಂದಳು ಹೊಳಿಯಮ್ಮ. 

"ಮತ್ತ ಕೊಡದ ಬರಾಕ ಅಕ್ಕೈತೇನು? ವೈನಿ, ಕೇಳ್ರಿ. ನಿಮ್ಮ ಪಕ್ಕೀರವ್ವ ಗಂಟ ತಗೊಂಡ ಸೀದಾ ಅಲ್ಲಿಗಿ ಹೋಗ್ತಾಳಂತ. ಖಾನಾವಳಿ ಹುಡುಗನ್ನ ಕೇಳಿ ಬಂದೀನಿ. ಓಣಿ ಮಂದಿ ಪುಣ್ಯಾ ಅಂತ ಕೊಟ್ಟಿದ್ದನ್ನ ಮಾರಾಕತ್ಯಾಳ."

"ಒಂದ ರೊಟ್ಟಿ ಹೆಂಗೋ ಹೋಗಿರಬಹುದು," ಎಂದಳು ಸುರೇಖಾ. ತನ್ನ ಮಾತನ್ನು ತಾನೇ ನಂಬಲಿಲ್ಲ.

ಪಕ್ಕೀರವ್ವ ಆಗ ಸಾರ್ವಜನಿಕ ನಲ್ಲಿಗೆ ಕೊಡ ತೆಗೆದುಕೊಂಡು ಹೋಗಿದ್ದಳು. ಹೊಳಿಯಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡಳು. "ಖೋಲಿಗಿ ಗೆದ್ದಲ ಹತ್ತೈತೇನೋ, ನೋಡಿ ಬರ್ತೀನಿ," ಎಂದು ಯಾರಿಗೂ ಅಲ್ಲದಂತೆ ಹೇಳಿ ಹೊರಟಳು. ಬೇಡವೆನ್ನಬೇಕೆಂದು ಸುರೇಖಾ ಹಿಂದೆ ಹೋದಳು. ಹೋದವಳು ಹೊಸ್ತಿಲ ಮೇಲೆ ನಿಂತು, ಓಣಿಯ ಕಡೆ ಕಣ್ಣಿಟ್ಟು ಕಾದಳು.

ಖೋಲಿಯಲ್ಲಿ ಗೋಡೆಗೆ ಎರಡು ಹಲಗೆಗಳಿದ್ದವು. ಎರಡೂ ಖಾಲಿ. ಇಷ್ಟು ವಾರಗಳಾದರೂ ಪಕ್ಕೀರವ್ವ ಅವುಗಳ ಮೇಲೆ ಒಂದು ಬಾಚಣಿಕೆಯನ್ನೂ ಇಟ್ಟಿರಲಿಲ್ಲ. ಎಲ್ಲವೂ ಗಂಟಿನಲ್ಲೇ ಇತ್ತು. ಹೊಳಿಯಮ್ಮ ಗಂಟು ಬಿಚ್ಚಿದಳು. ಎರಡು ಸೀರೆ, ಒಂದು ಹೊದಿಕೆ, ಎಲೆ ಅಡಿಕೆಯ ಚೀಲ. ಮೂಲೆಯಲ್ಲಿ ಮುಚ್ಚಳವಿರುವ ಸ್ಟೀಲ್ ಕ್ಯಾನು.

"ಇದು ನಮ್ಮದಲ್ಲ." ಹೊಳಿಯಮ್ಮ ಮುಚ್ಚಳ ತೆಗೆದು ಮೂಸಿದಳು. "ಮಜ್ಜಿಗಿ ವಾಸನಿ. ಮಂದಿಗಿ ಒಣ ರೊಟ್ಟಿ, ಆಕಿಗಿ ಖಾನಾವಳಿ ಊಟ."

"ಜಲ್ದಿ ಬರ್ರಿ ಅತ್ತಿ."

"ನೋಡು, ಗಂಟ ಹೆಂಗ ತಯಾರಿಟ್ಟಾಳ. ಯಾವತ್ತ ಬೇಕಾದ್ರೂ ಓಡಿ ಹೋಗಾಕ."

ಸುರೇಖಾಳಿಗೂ ಹಾಗೇ ಅನ್ನಿಸಿತು. ಹೊಳಿಯಮ್ಮ ಗಂಟನ್ನು ಮೊದಲಿದ್ದಂತೆ ಕಟ್ಟಿಟ್ಟು ಬಂದಳು.

ಮರುದಿನ ಮುಂಜಾನೆ ಪಕ್ಕೀರವ್ವ ಹೊರಟ ಸ್ವಲ್ಪ ಹೊತ್ತಿಗೆ ಹೊಳಿಯಮ್ಮ, ಸುರೇಖಾ, ದುರಗೇಶ ಮೂವರೂ ಹಿಂದೆ ಹೋದರು. ಪಕ್ಕೀರವ್ವ ಆಸರೆ ಕಟ್ಟಡದ ಕಡೆ ತಿರುಗಲಿಲ್ಲ. ಬಸ್ ನಿಲ್ದಾಣದ ಹಿಂದಿನ ಗಲ್ಲಿಗೆ ಹೋದಳು. ಅವರು ಖಾನಾವಳಿಯ ಹಿತ್ತಿಲ ಬಾಗಿಲು ಮುಟ್ಟಿದಾಗ ಬಿಳಿ ಗಂಟು ಬಿಚ್ಚಿತ್ತು. ಮೈಮುನಬಿ ರೊಟ್ಟಿಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದಳು. ಪಕ್ಕೀರವ್ವ ಕ್ಯಾನು ಹಿಡಿದು ಒಲೆಯ ಬಳಿ ನಿಂತಿದ್ದಳು.

"ಸಿಕ್ಕಿದ್ಯೆಲ್ಲ," ಎಂದ ದುರಗೇಶ. "ನಮ್ಮ ಓಣಿ ರೊಟ್ಟಿ ಎಷ್ಟಕ್ಕ ಮಾರಿದಿ?"

 ಮೈಮುನಬಿ ಬುಟ್ಟಿ ಬದಿಗಿಟ್ಟು ಬಾಗಿಲಿಗೆ ಬಂದಳು. ದಪ್ಪ ಹೆಂಗಸು, ಹಣೆಯ ಮೇಲೆಲ್ಲ ಒಲೆಯ ಬೆವರು.

"ಯಾರಪ್ಪ ನೀನು? ನಿನ್ನೆ ಅರ್ಧ ರೊಟ್ಟಿ ಕಿಸೆದಾಗ ಹಾಕ್ಕೊಂಡ ಹೋದಾವ ಅಲ್ಲೇನು?"

"ಅದು ನಮ್ಮವ್ವನ ರೊಟ್ಟಿ."

"ಭಾಳ ಛಲೋ ರೊಟ್ಟಿ. ನನ್ನ ಗಿರಾಕಿ ಎಲ್ಲಾ ಅದನ್ನ ಕೇಳ್ತಾರ. ಕುಂದ್ರಿ, ಹೇಳ್ತೀನಿ. ಇಲ್ಲಿ ಯಾರೂ ಮಾರಿಲ್ಲ, ಯಾರೂ ಕೊಂಡಿಲ್ಲ. ರೊಟ್ಟಿ ಕೊಟ್ಟು ನುಚ್ಚು ತಗೊಂಡ ಹೋಗ್ತಾಳ. ಜೋಳದ ನುಚ್ಚು, ಮ್ಯಾಲ ಮಜ್ಜಿಗಿ. ದವಾಖಾನ್ಯಾಗಿನ ಮುದುಕರಿಗಿ."

"ಅವರಿಗಿ ರೊಟ್ಟಿ ಐತೆಲ್ಲ," ಎಂದಳು ಹೊಳಿಯಮ್ಮ.

"ರೊಟ್ಟಿ ಐತಿ. ಹಲ್ಲು?"

ಹೊಳಿಯಮ್ಮ ಗೋಡೆಗೆ ಕೈಯೂರಿದಳು. "ನೀರಾಗ ನೆನಸಿ ತಿನ್ನಬಾರದೇನು?"

"ಅದನ್ನ ನೀವು ಅವರನ್ನ ಕೇಳ್ರಿ. ನಾ ಅಡಿಗಿ ಮಾಡಾಕಿ."

"ಎಲ್ಲಾ ಕಥಿ ಇದು," ಎಂದ ದುರಗೇಶ. "ಇಬ್ಬರೂ ಕೂಡಿ ಹಂಚ್ಕೊಂಡಾರ. ದಿನಾ ಎಷ್ಟ ರೊಟ್ಟಿ ಬರ್ತಾವ, ಒಂದ ಕ್ಯಾನ್ ನುಚ್ಚಿಗಿ ಅಷ್ಟೂ ಆತೇನು?"

ಮೈಮುನಬಿಯ ಮುಖ ಗಂಟಿಕ್ಕಿತು. ಬುಟ್ಟಿಯ ರೊಟ್ಟಿಗಳನ್ನೆಲ್ಲ ಎತ್ತಿ ತಿರುಗಿ ಬಿಳಿ ಬಟ್ಟೆಗೆ ಸುರಿದಳು. "ತಗೊಂಡ ಹೋಗ್ರಿ. ನಾಳಿಂದ ಈ ಗಂಟು ಇಲ್ಲಿ ತರಬ್ಯಾಡ್ರಿ. ಕದ್ದ ಮಾಲ ತಗೋತಾಳ ಅಂತ ಊರು ಅನ್ನೂದು ನನಗ ಬ್ಯಾಡ. ಪಕ್ಕೀರವ್ವ, ಇವತ್ತಿನ ನುಚ್ಚು ಒಯ್ಯಿ. ನಾಳಿಗಿ ಇಲ್ಲ."

ಸುರೇಖಾ ಪಕ್ಕೀರವ್ವನನ್ನು ಕೇಳಿದಳು: "ಖರೇನ? ನನಗ್ಯಾಕ ಹೇಳಲಿಲ್ಲ?"

"ಕೊಟ್ಟ ರೊಟ್ಟಿ ಬಿರುಸು ಅಂದ್ರ, ನಾಳಿಗಿ ಕೊಡೂದ ಬಿಡ್ತಾರ್ರೀ ಬಾಯಾರ." ಸ್ವಲ್ಪ ತಡೆದು ಸೇರಿಸಿದಳು: "ನಾನೂ ಇಲ್ಲೇ ಒಂದ್ ಬಟ್ಟಲ ನುಚ್ಚು ಉಣ್ತಿದ್ದೆ. ಇಲ್ಲ ಅನ್ನಂಗಿಲ್ಲ."

ಆ ಕೊನೆಯ ಮಾತೇ ಸಾಕಾಯಿತು. ಸಂಜೆಯೊಳಗೆ ಓಣಿಯಲ್ಲೆಲ್ಲ ಸುದ್ದಿ. ತಮ್ಮ ರೊಟ್ಟಿ ಖಾನಾವಳಿಯಲ್ಲಿ ಬಿಕರಿಯಾಗುತ್ತದಂತೆ, ಅದರ ಲಾಭದಲ್ಲಿ ಪಕ್ಕೀರವ್ವ ಉಣ್ಣುತ್ತಾಳಂತೆ, ಮುದುಕರಿಗೆ ಏನೂ ಮುಟ್ಟಿಯೇ ಇಲ್ಲವಂತೆ. ಒಂದೊಂದು ಬಾಗಿಲು ದಾಟಿದಂತೆ ಮಾತು ದೊಡ್ಡದಾಯಿತು. ಮರುದಿನ ಹೊಳಿಯಮ್ಮನ ಮನೆಗೆ ಯಾವ ಮನೆಯಿಂದಲೂ ರೊಟ್ಟಿ ಬರಲಿಲ್ಲ. ಹೊಳಿಯಮ್ಮನೂ ಹಿಟ್ಟು ಕಲಸಲಿಲ್ಲ. ಪಕ್ಕೀರವ್ವ ತಲೆಯ ಮೇಲೆ ಗಂಟಿಲ್ಲದೆ ಕೆಲಸಕ್ಕೆ ಹೋಗಿ ಬಂದಳು.

"ಈಗರೆ ಕಳಸ್ರಿ ಆಕಿನ್ನ," ಎಂದ ದುರಗೇಶ.

"ಸಂಘದವ್ರು ಬರೂ ದಿನ ಎಲ್ಲಾರನ್ನೂ ಕೇಳ್ತಾರ. ಆವತ್ತ ಹೇಳು," ಎಂದ ಪಂಪಾಪತಿ.

"ಹೇಳ್ತೀನಿ. ಎಲ್ಲಾರ ಮುಂದ ಹೇಳ್ತೀನಿ."

ಇನ್ನೆರಡು ದಿನ ಬಿಟ್ಟು ಸುರೇಖಾ ಬೆಳಗಿನ ಹೊತ್ತು, ಯಾರಿಗೂ ಹೇಳದೆ ಆಸರೆ ಕಟ್ಟಡಕ್ಕೆ ಹೋದಳು. ಇಷ್ಟು ದಿನ ಅವಳು ಅಲ್ಲಿಗೆ ಬರುತ್ತಿದ್ದದ್ದು ಸಂಜೆ, ಅನ್ನ ಬಡಿಸುವ ಹೊತ್ತಿಗೆ. ರೊಟ್ಟಿಯ ಗಂಟು ತರುತ್ತಿದ್ದ ದಿನಗಳಲ್ಲೂ ಬಾಗಿಲಲ್ಲಿ ಕೊಟ್ಟು ತಿರುಗುತ್ತಿದ್ದಳು. ಅವರು ಬೆಳಿಗ್ಗೆ ಉಣ್ಣುವುದನ್ನು ಒಮ್ಮೆಯೂ ನೋಡಿರಲಿಲ್ಲ.

ಪಕ್ಕೀರವ್ವ ಅಂಗಳ ಗುಡಿಸುತ್ತಿದ್ದಳು. ಒಳಗೆ ಒಬ್ಬಳು ಮುದುಕಿ ಖಾನಾವಳಿಯಿಂದ ತಿರುಗಿ ಬಂದ ರೊಟ್ಟಿಯನ್ನು ಕಲ್ಲಿನಿಂದ ಜಜ್ಜಿ, ಪುಡಿಯನ್ನು ಗೂಡಂಗಡಿಯಿಂದ ತರಿಸಿದ ಚಹಾದಲ್ಲಿ ಕಲಸಿ ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಉಳಿದವರು ಬರೀ ಚಹಾ ಕುಡಿದು ಕೂತಿದ್ದರು. ಸುರೇಖಾಳನ್ನು ನೋಡಿದೊಡನೆ ಮುದುಕಿ ಕಲ್ಲನ್ನು ಚಾಪೆಯ ಕೆಳಗೆ ಸರಿಸಿದಳು.

"ರೊಟ್ಟಿ ಭಾಳ ಛಲೋ ಅದಾವ್ರಿ," ಎಂದಳು ಕೇಳುವ ಮೊದಲೇ.

ಬಾಗಿಲ ಪಕ್ಕದ ಹಾಸಿಗೆ ಸುತ್ತಿಟ್ಟಿತ್ತು. ಅದು ಹುಚ್ಚೀರಪ್ಪನದು. ಕಲ್ಲು ಒಡೆಯುವ ಕೆಲಸ ಮಾಡಿ ಮುದುಕನಾದವನು.

"ಹುಚ್ಚೀರಪ್ಪಜ್ಜ ಎಲ್ಲಿ?"

"ಬಸ್ ಸ್ಟ್ಯಾಂಡಿಗಿ ಹೋದ್ನಿರಿ. ನಿನ್ನೆಯಿಂದ ಅಲ್ಲೇ ಅದಾನ. ಅಲ್ಲಿ ಯಾರಾರ ಬನ್ ಕೊಡಸ್ತಾರ, ಮೆತ್ತಗಿರತೈತಿ ಅಂದ."

ಸುರೇಖಾ ಹೊರಗೆ ಬಂದು ಪಕ್ಕೀರವ್ವನ ಎದುರು ನಿಂತಳು. "ಮತ್ತ ನೀ ಮೂರೂರು ಯಾಕ ಹೇಳಿದಿ? ಬೇವೂರು, ಕುಷ್ಟಗಿ, ಗಂಗಾವತಿ?"

ಪಕ್ಕೀರವ್ವ ಕಸಬರಿಗೆ ನಿಲ್ಲಿಸಲಿಲ್ಲ. "ಹುಟ್ಟಿದ್ದು ಬೇವೂರು. ಕೊಟ್ಟಿದ್ದು ಕುಷ್ಟಗಿ ಕಡೆ. ಗಂಡ ಸತ್ತ ಮ್ಯಾಲ ನೆಲ್ಲು ನಾಟಿಗಿ ಹೋಗಿ ದುಡದಿದ್ದು ಗಂಗಾವತಿ. ಯಾವುದನ್ನ ನನ್ನೂರು ಅನ್ಲಿ, ನೀವ ಹೇಳ್ರಿ."

"ಗಂಟು ಯಾಕ ಬಿಚ್ಚಂಗಿಲ್ಲ?"

ಕೇಳಿದ ಮೇಲೆ ಸುರೇಖಾ ತುಟಿ ಕಚ್ಚಿಕೊಂಡಳು. ಪಕ್ಕೀರವ್ವ ತಲೆಯೆತ್ತಿ ಅವಳನ್ನು ಬಹಳ ಹೊತ್ತು ನೋಡಿದಳು. ನಿಮಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ.

"ಮೂರು ಮನ್ಯಾಗ ಹಿಂಗ ಇಟ್ಟುಕೊಂಡು ಹೊರಗ ಹಾಕ್ಯಾರ್ರಿ. ಹೋಗು ಅಂದಾಗ ಗಂಟ ಕಟ್ಟಾಕ ಹೊತ್ತ ಕೊಡಂಗಿಲ್ಲ ಮಂದಿ."

ಆ ರಾತ್ರಿಯ ಊಟದಲ್ಲಿ ಸುರೇಖಾ ತಾನು ನೋಡಿದ್ದನ್ನು ಹೇಳಿದಳು. ಕಲ್ಲಿನಿಂದ ಜಜ್ಜುತ್ತಿದ್ದ ಮುದುಕಿಯ ಮಾತು ಬಂದಾಗ ಹೊಳಿಯಮ್ಮ ಕೈಯಲ್ಲಿದ್ದ ತುತ್ತು ತಾಟಿನಲ್ಲಿಟ್ಟಳು.

"ನನ್ನ ರೊಟ್ಟಿನ್ನ ಕಲ್ಲಿಲೆ?"

"ಹೂಂ ಅತ್ತಿ."

"ಬಿರುಸು ಮಾಡಿದಷ್ಟೂ ಛಲೋ ಅಂತ ಮಾಡಿದೆ. ಎರಡೆರಡು ಸಲ ಸುಟ್ಟೆ."

ಪಂಪಾಪತಿ ತಮ್ಮನ ಕಡೆ ತಿರುಗಿದ. "ಮುದುಕ ಬಸ್ ಸ್ಟ್ಯಾಂಡಿನ್ಯಾಗ ಅದಾನಂತ. ಗಾಡಿ ತಗೊಂಡ ಹೋಗಿ ಕರಕೊಂಡ ಬಾ."

"ನಾನ ಯಾಕ?"

"ಊರಿಗೆಲ್ಲಾ ಸುದ್ದಿ ಮುಟ್ಟಿಸಿದಾವ ನೀನ. ಈ ಸುದ್ದಿನೂ ಮುಟ್ಟಿಸು."

ದುರಗೇಶ ಗೊಣಗುತ್ತ ಎದ್ದ. ಹುಚ್ಚೀರಪ್ಪ ಕುಷ್ಟಗಿ ಬಸ್ಸು ನಿಲ್ಲುವ ಕಡೆ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದ.

"ಬಾ ಅಜ್ಜ, ಹೋಗೂಣು."

"ನೀ ಯಾರು?"

"ಹೊಳಿಯಮ್ಮನ ಮಗ."

"ಓ, ರೊಟ್ಟಿ ಪೊಲೀಸ." ಹುಚ್ಚೀರಪ್ಪ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. "ನಿಮ್ಮವ್ವಗ ಹೇಳು. ನಾವಿರೂದು ದನದ ದವಾಖಾನಿ ಖರೆ. ಹಂಗಂತ ಹಿಂಡಿ ನೆನಸಿ ಇಟ್ಟಂಗ ನೆನಸಿ ತಿನ್ರಿ ಅಂದ್ರ ತಿನ್ನಾಕ ನಾವೇನ ಎಮ್ಮೀನಾ?"

"ಅದನ್ನ ನೀನ ಬಂದು ಹೇಳು."

"ಹೇಳಿದ್ರ ಆಕಿ ಅನ್ನಾನೂ ಬಂದ್ ಮಾಡಿಸಿದ್ರ?"

 ದುರಗೇಶ ಬೇಕರಿಯಲ್ಲಿ ಬನ್ನು ಕಟ್ಟಿಸಿಕೊಂಡು ಬಂದು ಕೊಟ್ಟ. ಮುದುಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದ್ಯಾಕ ಈಗ?" ಎಂದು ಕೇಳಿ, ಉತ್ತರ ಬರುವವರೆಗೆ ತಿನ್ನಲಿಲ್ಲ. "ಹಸಿವಾಗಿರಬೇಕಂತ," ಎಂದ ದುರಗೇಶ. ಬನ್ನು ಮುಗಿದ ಮೇಲೆ ಮುದುಕ ಗಾಡಿ ಹತ್ತಿದ.

ಆ ವಾರ ಸಂಘದ ಅಧ್ಯಕ್ಷೆ ಕಳಕಮ್ಮ ಓಣಿಯ ಹೆಂಗಸರನ್ನು ಕೂಡಿಸಿದಳು. ಇನ್ನು ಮುಂದೆ ರೊಟ್ಟಿ ಬೇಡ, ಜೋಳದ ನುಚ್ಚು, ಹಿಟ್ಟು ಕೊಡಿ. ಪಕ್ಕೀರವ್ವ ಮುಂಜಾನೆ ಅಲ್ಲೇ ಒಲೆ ಹೊತ್ತಿಸಿ ಬಿಸಿಯಾಗಿ ಮಾಡುತ್ತಾಳೆ ಎಂದಳು. ಹೆಂಗಸರಿಗೆ ಇದು ಹಿಡಿಸಲಿಲ್ಲ. ಹಿಟ್ಟು ಕೊಟ್ಟರೆ ಯಾರು ಎಷ್ಟು ತಿಂದರು, ಎಷ್ಟು ಹೊರಗೆ ಹೋಯಿತು ಎಂದು ಯಾರು ನೋಡುವವರು ಎಂದರು.

"ಹಿಟ್ಟು ಕೊಟ್ರ ಅದು ನನ್ನ ರೊಟ್ಟಿ ಹೆಂಗ ಅಕ್ಕೈತಿ?" ಎಂದಳು ಹೊಳಿಯಮ್ಮನೂ.

"ಅದು ತಿನ್ನಾವ್ರ ರೊಟ್ಟಿ ಅಕ್ಕೈತಿ," ಎಂದಳು ಕಳಕಮ್ಮ.

ಕೆಲವರು ಕೊಟ್ಟರು, ಕೆಲವರು ಬಿಟ್ಟರು. ಹೊಳಿಯಮ್ಮ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು, ಮೂರನೆಯ ದಿನ ಗಿರಣಿಗೆ ಹೋಗಿ ಜೋಳ ನುಚ್ಚು ಒಡೆಸಿಕೊಂಡು ಬಂದಳು. ಪಕ್ಕೀರವ್ವನ ಕೈಗೆ ಕೊಡುವಾಗ, "ಮಜ್ಜಿಗಿ ಹುಳಿ ಆಗಿರಬಾರದು ನೋಡು, ಮುದುಕರಿಗಿ ಕೆಮ್ಮು ಬರತೈತಿ," ಎಂದಳು. ಆದರೂ ಸುದ್ದಿ ಪೂರ್ತಿ ಸಾಯಲಿಲ್ಲ. ಬೆಂಕಿಯಿಲ್ಲದೆ ಹೊಗೆ ಎಲ್ಲಿಂದ ಬಂತು ಎನ್ನುವವರು ನಲ್ಲಿಯ ಬಳಿ ಇದ್ದೇ ಇದ್ದರು. ಪಕ್ಕೀರವ್ವ ಕೊಡ ಇಟ್ಟರೆ ಅಲ್ಲಿಯ ಮಾತು ನಿಲ್ಲುತ್ತಿತ್ತು.

ಮೂರು ತಿಂಗಳು ತುಂಬಿದ ಭಾನುವಾರ ಕಳಕಮ್ಮ ಬಂದಳು. ಜೊತೆಗೆ ಪಟ್ಟಣ ಪಂಚಾಯಿತಿಯಿಂದ ಆಸರೆಯ ಕೆಲಸ ನೋಡಿಕೊಳ್ಳುವ ಕನಕರಾಜ. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಮನೆಯವರು ನಾಲ್ವರೂ ಕೂತರು. ಪಕ್ಕೀರವ್ವ ಬಾಗಿಲ ಕಂಬಕ್ಕೆ ಆತು ನಿಂತಳು. ಕೂಡು ಎಂದರೂ ಕೂಡಲಿಲ್ಲ.

"ಹೊಳಿಯಮ್ಮ, ಈಕಿ ಇರಲೇನು?" ಕಳಕಮ್ಮ ಕೇಳಿದಳು.

"ಇರ್ಲಿ."

"ಪಂಪಾಪತಿ?"

"ಇರ್ಲಿ ಬಿಡ್ರಿ."

"ಸುರೇಖಾ?"

"ಇರ್ಲಿ."

ದುರಗೇಶನ ಸರದಿ ಬಂದಾಗ ಎಲ್ಲರೂ ನೆಲ ನೋಡಿದರು. ಅವನು ಕುತ್ತಿಗೆ ಕೆರೆದುಕೊಂಡ.

"ಆಕಿ ಕಳ್ಳಿ ಅಲ್ಲ. ಅದನ್ನ ಒಪ್ಗೊಂತೀನಿ. ಆದ್ರ ನನಗ ಅಂಗಡಿ ಬೇಕು, ಅದೂ ಸುಳ್ಳಲ್ಲ."

"ಹೂಂ ಅನ್ನು, ಇಲ್ಲ ಅನ್ನು. ನಡುವ ಕುಂತರ ನಾ ಏನ್ ತಿಳ್ಕೋಬೇಕು?"

"ಪ್ಯಾಟಿಯಾಗ ಜಾಗಾ ಹುಡಕಾಕತ್ತೀನಿ." ಅವನು ತಾಯಿಯನ್ನು ನೋಡಿದ, ಆಮೇಲೆ ಕಂಬದ ಬಳಿ ನಿಂತವಳನ್ನು. "ಇರ್ಲಿ. ಗಂಗಾವತಿಯವ್ರಿಗಿ ನೀವ ಸಮಜಾಯಿಸಿ ಹೇಳ್ಬೇಕು ವೈನಿ."

 ಹೊಳಿಯಮ್ಮ ಚಹಾಕ್ಕೆ ಏಳಲು ನೆಲಕ್ಕೆ ಕೈಯೂರಿದಳು. ಕನಕರಾಜ, "ಆತ್ರಿ ಹಂಗಾರ, ಎಲ್ಲಾರದೂ ಒಪ್ಪಿಗಿ," ಎಂದು ಚಪ್ಪಲಿ ಹುಡುಕತೊಡಗಿದ.

"ನನ್ನ ಯಾರೂ ಕೇಳಲಿಲ್ಲಲ್ರಿ," ಎಂದಳು ಪಕ್ಕೀರವ್ವ.

ಕನಕರಾಜ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವನು ಹಾಗೇ ನಿಂತ.

"ನಿನ್ನ ಏನ್ ಕೇಳೂದು?" ಎಂದಳು ಕಳಕಮ್ಮ. "ಇರ್ತೀನಿ ಅಂತನ ಬಂದೀಯಲ್ಲ."

"ಬಂದೀನಿ. ಇರಬೇಕೋ ಬ್ಯಾಡೋ ಅಂತ ನಾನೂ ಮೂರು ತಿಂಗಳಿಂದ ನೋಡಾಕತ್ತೀನಿ."

"ಕೇಳ್ರಿ ಮತ್ತ," ಎಂದ ಪಂಪಾಪತಿ. ಅವನ ಮೀಸೆಯ ಕೆಳಗೆ ಸಣ್ಣ ನಗು ಸುಳಿಯಿತು.

ಕಳಕಮ್ಮ ತಿರುಗಿ ಕೂತಳು. "ಪಕ್ಕೀರವ್ವ, ಈ ಮನ್ಯಾಗ ಇರ್ತೀಯೇನು?"

ಪಕ್ಕೀರವ್ವ ಕಂಬ ಬಿಟ್ಟು ನೆಟ್ಟಗೆ ನಿಂತಳು. ಮಾತು ಕಳಕಮ್ಮನಿಗೆ ಹೇಳಿದರೂ ಕಣ್ಣು ಸುರೇಖಾಳ ಮೇಲಿತ್ತು.

"ಮಂದಿ ಕೆಟ್ಟವರಲ್ಲ. ಮಜ್ಜಿಗಿ ಕೇಳಿದ್ರ ಕೊಡ್ತಾರ. ಆದ್ರ ನಾ ಇಲ್ಲದಾಗ ನನ್ನ ಖೋಲಿಯೊಳಗ ಬಂದಾರ. ನಾ ಎಡಗೈಯಾಕಿ, ಗಂಟು ಎಡಕ್ಕ ಬಿಗೀತೀನಿ. ಆವತ್ತ ನೀರು ತಗೊಂಡ ಬಂದು ನೋಡಿದ್ರ ಬಲಕ್ಕ ಬಿಗದಿತ್ತು."

  ಸುರೇಖಾಳ ಕಿವಿಗಳು ಬಿಸಿಯಾದವು. ನಾನು ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ನಿಂತಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಡಿದರೆ ಅದು ಇನ್ನೂ ಕೆಟ್ಟದ್ದೆಂದು ಸುಮ್ಮನಾದಳು.

"ಹಂಗಾರ ಇರಂಗಿಲ್ಲೇನು?" ಕಳಕಮ್ಮ ಮೆಲ್ಲಗೆ ಕೇಳಿದಳು.

"ಇಲ್ಲ ಅಂದಿಲ್ರಿ. ಹೂಂ ಅಂತಾನೂ ಅಂದಿಲ್ಲ. ಇನ್ನೊಂದ ತಿಂಗಳ ನೋಡ್ತೀನಿ. ನೋಡಿ ಹೇಳ್ತೀನಿ."

ಕನಕರಾಜ ಕಳಕಮ್ಮನ ಮುಖ ನೋಡಿದ. "ಮ್ಯಾಲಿನವ್ರು ಕೇಳಿದ್ರ ಏನಂತ ಹೇಳೂದ್ರಿ ಇದನ್ನ?"

"ಮನಿಯವ್ರ ಮ್ಯಾಲ ವಿಚಾರಣಿ ನಡದೈತಿ ಅಂತ ಹೇಳ್ರಿ," ಎಂದ ಪಂಪಾಪತಿ. ದುರಗೇಶ ನಕ್ಕುಬಿಟ್ಟ. ಹೊಳಿಯಮ್ಮ ಅವನನ್ನು ಗದರಿಸಲು ತಿರುಗಿ, ಗದರಿಸಲಿಲ್ಲ.

ಬಂದವರು ಹೋದ ಮೇಲೆ ಹೊಳಿಯಮ್ಮ ಚಹಾ ಸೋಸಿದಳು. ಒಂದು ಗ್ಲಾಸು ತೆಗೆದುಕೊಂಡು ಹೊರಗಿನ ಖೋಲಿಯ ಕಡೆ ಹೋದಳು. ಅಡುಗೆಮನೆಯ ಕಿಟಕಿಯಿಂದ ಸುರೇಖಾ ನೋಡುತ್ತಿದ್ದಳು. ಖೋಲಿಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಪಕ್ಕೀರವ್ವ ಕೂತದ್ದು ಕಾಣುತ್ತಿತ್ತು. ಹೊಳಿಯಮ್ಮ ಒಂದು ಕಾಲು ಮುಂದಿಟ್ಟವಳು ಹಿಂದೆಗೆದುಕೊಂಡಳು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ಯಾವ ಬಾಗಿಲ ಮುಂದೆಯೂ ಹಾಗೆ ನಿಂತದ್ದನ್ನು ಯಾರೂ ನೋಡಿರಲಿಲ್ಲ.

"ಪಕ್ಕೀರವ್ವಾ, ಒಳಗ ಬರ್ಲೇನು?"

 ಹೊಳಿಯಮ್ಮ ಬಿಸಿ ಗ್ಲಾಸನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಯಾಕ್ರಿ?" ಎಂದಳು ಪಕ್ಕೀರವ್ವ. "ಏನ್ ಕೆಲಸಿತ್ತು?"